ಬಾಲಂಗೋಚಿಯ ಕಾಳಗ



ಕನ್ನಡ ಅಕ್ಷರ ಕೂಡಿಸಿ ಓದಲು ತಡವರಿಸುವವರು ನಿಮ್ಮಲ್ಲಿ ಹಲವರಿದ್ದೀರಿ ಎಂದು ನನಗೆ ಗೊತ್ತು. ಅವಸರವಿಲ್ಲ, ನಿಧಾನವಾಗಿಯೇ ಓದಿ. ಸಂಘದ ಸಂಚಿಕೆಗೆ ಬರೆಯುವ ನಮ್ಮಂಥ ಹೆಂಗಸರು ಸಾಮಾನ್ಯವಾಗಿ ತವರಿನ ಬಾವಿಕಟ್ಟೆ, ಹಿತ್ತಲಿನ ಹಲಸಿನಮರ ಎಂದು ನಿಮಗೆ ಸಂಬಂಧವಿಲ್ಲದ ಊರಿನ ಕಥೆ ಹೇಳುತ್ತೇವೆ. ಈ ಸಲ ನಿಮ್ಮ ಊರಿನ ವಿಷಯವನ್ನೇ ಹೇಳುತ್ತೇನೆ. ನಿಮ್ಮ ಊರು ಎಂದರೆ ನನ್ನ ತುಮಕೂರಲ್ಲ, ನೀವು ಹುಟ್ಟಿ ಬೆಳೆದ ಈ ಮುಂಬಯಿ.

ವಿಲೇಪಾರ್ಲೆ ಸ್ಟೇಷನ್ನಿನಲ್ಲಿ ಪಶ್ಚಿಮಕ್ಕೆ ಇಳಿದು ಜುಹೂ ಕಡೆಗೆ ಹೋಗುವಾಗ ಒಂದು ಉದ್ದನೆಯ ಕಾಂಪೌಂಡ್ ಗೋಡೆ ಸಿಗುತ್ತದೆ. ಅದರಾಚೆಯಿಂದ ಹೆಲಿಕಾಪ್ಟರುಗಳು ಟರ್ರೆಂದು ಏಳುತ್ತವೆ. ಬಾಂಬೆ ಹೈ ಎಣ್ಣೆಬಾವಿಗಳಿಗೆ ಕೆಲಸಗಾರರನ್ನು ಒಯ್ಯುವ ಹೆಲಿಕಾಪ್ಟರುಗಳು ಅವು. ಸಮುದ್ರಕ್ಕೆ ಹೋಗುವ ಆತುರದಲ್ಲಿ ನಿಮ್ಮಲ್ಲಿ ಎಷ್ಟು ಮಂದಿ ಆ ಗೋಡೆಯ ಕಡೆಗೆ ತಿರುಗಿ ನೋಡಿದ್ದೀರಿ? ಅದು ಜುಹೂ ವಿಮಾನ ನಿಲ್ದಾಣ. 1928ರಲ್ಲಿ ಆರಂಭವಾದ, ಭಾರತದ ಮೊಟ್ಟಮೊದಲ ನಾಗರಿಕ ವಿಮಾನ ನಿಲ್ದಾಣ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಟಪಾಲು ಚೀಲಗಳನ್ನು ಹೇರಿಕೊಂಡು ತಮ್ಮ ಪುಟ್ಟ ಪಸ್ ಮಾತ್ ವಿಮಾನವನ್ನು ಇಳಿಸಿದ್ದು ಇಲ್ಲೇ. ಅಲ್ಲಿಂದ ಆ ಟಪಾಲು ಎಲ್ಲಿಗೆ ಹೋಯಿತು ಗೊತ್ತೇ? ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಗೆ ಒಯ್ದರು. ಬಳ್ಳಾರಿಯಿಂದ ಮದರಾಸಿಗೆ. ಆ ಸೇವೆಯೇ ಮುಂದೆ ಬೆಳೆದು ಏರ್ ಇಂಡಿಯಾ ಆಯಿತು. ಅಂದರೆ ಈ ದೇಶದ ವಿಮಾನಯಾನದ ಮೊದಲ ಹೆಜ್ಜೆಯಲ್ಲೇ ಜುಹೂವಿಗೂ ಬಳ್ಳಾರಿಗೂ ನಂಟು ಬಿದ್ದಿತ್ತು. ಬೆಂಗಳೂರಿನ ವಿಮಾನ ಕಾರ್ಖಾನೆಯ ಕಥೆಯೂ ಹಾಗೆಯೇ. 1940ರಲ್ಲಿ ಮೈಸೂರು ಸರ್ಕಾರದ ನೆರವಿನೊಂದಿಗೆ ಅದನ್ನು ಆರಂಭಿಸಿದವರು ಮುಂಬಯಿಯ ಉದ್ಯಮಿ ವಾಲಚಂದ್ ಹೀರಾಚಂದ್.

ಇನ್ನೊಂದು ತಮಾಷೆಯ ಸಂಗತಿ. 1972ರ ಸೆಪ್ಟೆಂಬರಿನಲ್ಲಿ ಜಪಾನಿನ ದೊಡ್ಡ ಜೆಟ್ ವಿಮಾನವೊಂದು ಸಾಂತಾಕ್ರೂಜ್ ಎಂದು ತಿಳಿದು ಈ ಪುಟ್ಟ ಜುಹೂವಿನಲ್ಲಿ ಇಳಿದುಬಿಟ್ಟಿತ್ತು! ರನ್‌ವೇ ಸಾಲದೆ ಮುಂದಕ್ಕೆ ನುಗ್ಗಿ ನಿಂತಿತು. ದೇವರ ದಯೆ, ಪ್ರಾಣಹಾನಿಯಾಗಲಿಲ್ಲ. ದೊಡ್ಡವರೂ ಮೈದಾನ ತಪ್ಪುತ್ತಾರೆ ಎಂಬುದಕ್ಕೆ ಇದನ್ನು ನೆನಪಿಟ್ಟುಕೊಳ್ಳಿ. ನಾನು ತಪ್ಪಿದ್ದನ್ನು ಮುಂದೆ ಹೇಳಲಿದ್ದೇನೆ.

ನಾನು ಮದುವೆಯಾಗಿ ಮುಂಬಯಿಗೆ ಬಂದದ್ದು 1989ರಲ್ಲಿ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದ್ದೆ. ಆ ಪದವಿ ಟ್ರಂಕಿನ ತಳದಲ್ಲಿ ಕುಳಿತಿತು, ನಾನು ಅಂಧೇರಿಯ ಎರಡು ಕೋಣೆಯ ಮನೆಯಲ್ಲಿ ಕುಳಿತೆ. ಮೊದಲ ವರ್ಷದ ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಲು ಹೊರಟವಳಿಗೆ ಗಚ್ಚಿಯ ಮೇಲಿಂದ ‘ಕಾಯ್‌ಪೋ ಛೇ!’ ಎಂಬ ಕೂಗು ಕೇಳಿಸಿತು. ಮೇಲೆ ಹತ್ತಿ ನೋಡಿದರೆ ಆಕಾಶದ ತುಂಬ ಗಾಳಿಪಟ! ನಮ್ಮ ಕಡೆ ಗಾಳಿಪಟ ಹಾರುವುದು ಆಷಾಢದ ಗಾಳಿಗೆ. ಇಲ್ಲಿ ಪುಷ್ಯದ ಚಳಿಯಲ್ಲಿ. ನಮ್ಮ ಗಾಳಿಪಟಕ್ಕೆ ಹಳೇ ಸೀರೆಯ ಅಂಚು ಹರಿದು ಮಾರುದ್ದದ ಬಾಲಂಗೋಚಿ ಕಟ್ಟುತ್ತಿದ್ದೆವು. ಇಲ್ಲಿಯ ಪತಂಗಕ್ಕೆ ಬಾಲವೇ ಇಲ್ಲ. ಕಾರಣ ಕೇಳಿದಾಗ ಪಕ್ಕದ ಮನೆಯ ಗುಜರಾತಿ ಅಜ್ಜ ನಕ್ಕು, ‘ಬಾಲವಿದ್ದರೆ ಜಗಳ ಆಡುವುದು ಹೇಗಮ್ಮಾ?’ ಎಂದರು. ಬಾಲ ಪಟವನ್ನು ನೆಟ್ಟಗೆ ನಿಲ್ಲಿಸುತ್ತದೆ. ಕಾಳಗದ ಪಟಕ್ಕೆ ನೆಟ್ಟಗೆ ನಿಲ್ಲುವುದು ಬೇಡ, ದಾರ ಸಡಿಲಿಸಿದೊಡನೆ ಗಿರಕಿ ಹೊಡೆದು, ಎಳೆದೊಡನೆ ಬಾಣದಂತೆ ನುಗ್ಗಬೇಕು.

ನನ್ನ ಮಗ ಹುಟ್ಟಿದ್ದು 1991ರಲ್ಲಿ. ಆ ಗಚ್ಚಿಯ ಮೇಲೆಯೇ ಬೆಳೆದ. ಹೆಲಿಕಾಪ್ಟರಿನ ಸದ್ದು ಕೇಳಿದರೆ ಊಟದ ತಟ್ಟೆ ಬಿಟ್ಟು ಓಡುತ್ತಿದ್ದ. ಜೂನಿಯರ್ ಕಾಲೇಜಿಗೆ ಸೇರಿದ ಮೇಲೆ ಎನ್‌ಸಿಸಿಯ ವಾಯುದಳಕ್ಕೆ ಹೆಸರು ಕೊಟ್ಟ. ಈ ವಾಯುದಳಕ್ಕೂ ಮುಂಬಯಿಯ ಚರಿತ್ರೆಯಿದೆ. 1950ರ ಏಪ್ರಿಲ್ 1ರಂದು ಅದು ಹುಟ್ಟಿದಾಗ ಇದ್ದದ್ದು ಎರಡೇ ಸ್ಕ್ವಾಡ್ರನ್, ಒಂದು ಮುಂಬಯಿಯಲ್ಲಿ, ಇನ್ನೊಂದು ಕಲ್ಕತ್ತೆಯಲ್ಲಿ. ವಿಮಾನದ ಮಾದರಿ ಕಟ್ಟಿ ಹಾರಿಸುವುದು ಅಲ್ಲಿಯ ಪಾಠಗಳಲ್ಲಿ ಒಂದು.

ಸ್ವಲ್ಪ ದಿನಗಳಲ್ಲಿ ಮನೆಯಲ್ಲಿ ವಿಚಿತ್ರ ವಾಸನೆ ಶುರುವಾಯಿತು. ಆಸ್ಪತ್ರೆಯ ವಾಸನೆಗೆ ಸ್ಟವ್ ವಾಸನೆ ಬೆರೆತಂತೆ. ಜೊತೆಗೆ, ಶನಿವಾರದ ಎಣ್ಣೆನೀರಿಗೆಂದು ಊರಿನಿಂದ ತರಿಸಿದ ನನ್ನ ಹರಳೆಣ್ಣೆಯ ಶೀಸೆ ದಿನದಿನಕ್ಕೆ ಇಳಿಯತೊಡಗಿತು. ಮಗನ ತಲೆಯೋ, ಎಣ್ಣೆ ಕಾಣದೆ ಕೆದರಿಕೊಂಡೇ ಇತ್ತು! ಬಲಗೈಯ ತೋರುಬೆರಳಿಗೆ ಮಾತ್ರ ಸದಾ ಪಟ್ಟಿ. ಏನಪ್ಪಾ ಇದು ಎಂದು ಕೇಳಿದೆ. ‘ಛೋಡ್ ನಾ ಅಮ್ಮಾ, ನಿನಗೆ ಸಮಜ್ ಆಗಲ್ಲ’ ಎಂದ.

ನಿಮ್ಮಲ್ಲಿ ಒಬ್ಬರಾದರೂ ನಿಮ್ಮ ತಾಯಿಗೆ ಈ ಮಾತು ಹೇಳಿರದಿದ್ದರೆ ನನ್ನ ಹೆಸರು ಬದಲಾಯಿಸಿ. ಹೇಳಿದವರು ಐದು ನಿಮಿಷಕ್ಕೆ ಮರೆಯುತ್ತೀರಿ, ಕೇಳಿಸಿಕೊಂಡವರು ಅದನ್ನು ಪಾತ್ರೆ ತೊಳೆಯುವಾಗಲೂ ಮೆಲುಕು ಹಾಕುತ್ತಾರೆ. ಷೇಕ್ಸ್‌ಪಿಯರ್ ಓದಿದವಳಿಗೆ ಮಗನ ಆಟಿಕೆ ಅರ್ಥವಾಗುವುದಿಲ್ಲವೇ ಎಂದು ನನಗೆ ಕೆಂಡದಂಥ ಸಿಟ್ಟು.

2009ರ ಜನವರಿ. ಹನ್ನೆರಡನೆಯ ತರಗತಿಯ ಪ್ರಿಲಿಮ್ ಪರೀಕ್ಷೆಯ ಅಂಕಗಳು ಬಂದವು. ಗಣಿತದಲ್ಲಿ ಅಂಚಿಗೆ ತಾಗಿ ಪಾಸು. ಮರುದಿನ ಅವನು ಕ್ಲಾಸಿಗೆ ಹೋದಾಗ ಭಂಗಾರ್‌ವಾಲಾ ಬೀದಿಯಲ್ಲಿ ಕೂಗಿದ. ಮಂಚದ ಕೆಳಗಿದ್ದ ಕಾಗದ ಹೊದಿಸಿದ ರೆಕ್ಕೆ, ತಂತಿಯ ಸುರುಳಿ, ಎಣ್ಣೆ ಮೆತ್ತಿದ ಒಂದು ಪುಟ್ಟ ಎಂಜಿನ್, ಎಲ್ಲವನ್ನೂ ಹಳೇ ಪೇಪರಿನ ಜೊತೆ ತಕ್ಕಡಿಗೆ ಹಾಕಿಬಿಟ್ಟೆ. ಅವನು ಕೊಟ್ಟ ದುಡ್ಡಿನಲ್ಲಿ ಅರ್ಧ ಕಿಲೋ ಟೊಮೆಟೊ ಬಂದಿರಬಹುದು.

ಸಂಜೆ ಮಗ ಬಂದ. ಮಂಚದ ಕೆಳಗೆ ಬಗ್ಗಿ ನೋಡಿದ. ಕಿರುಚಾಡಲಿಲ್ಲ. ‘ಎಂಜಿನ್ ನನ್ನದಲ್ಲ ಅಮ್ಮಾ, ಸೀನಿಯರ್‌ದು’ ಎಂದಷ್ಟೇ ಹೇಳಿ ಮುಖ ತೊಳೆಯಲು ಹೋದ. ಅಂದಿನಿಂದ ನಮ್ಮ ಮನೆಯಲ್ಲಿ ‘ಹ್ಞೂಂ’ ಮತ್ತು ‘ಬೇಡ’ ಎಂಬ ಎರಡು ಮಾತುಗಳಷ್ಟೇ ಉಳಿದವು. ಬೈದರೆ ತಿರುಗಿ ಬೈಯಬಹುದು, ಸುಮ್ಮನಿದ್ದರೆ ಏನು ಮಾಡುವುದು?

ಮೂರನೆಯ ದಿನ ನಾನು ಚೀಲ ಹಿಡಿದು ಹೊರಟೆ. ನಮ್ಮ ಬೀದಿಯಿಂದ ಹಿಡಿದು ಎಸ್.ವಿ. ರೋಡಿನ ಒಳಗಲ್ಲಿಗಳವರೆಗೆ ಭಂಗಾರದ ಅಂಗಡಿಗಳನ್ನು ಒಂದೊಂದಾಗಿ ಹೊಕ್ಕೆ. ಇಪ್ಪತ್ತು ವರ್ಷ ಅಂಧೇರಿಯಲ್ಲಿದ್ದೂ ನಾನು ಕಾಲಿಡದ ಗಲ್ಲಿಗಳವು. ಹಳೇ ಫ್ಯಾನು, ಮುರಿದ ಸೈಕಲ್ಲು, ತಗಡಿನ ಡಬ್ಬಗಳ ನಡುವೆ ನನ್ನ ಹರಕು ಹಿಂದಿಯಲ್ಲಿ ‘ಛೋಟಾ ಎಂಜಿನ್’ ಎಂದು ಮುಷ್ಟಿ ತೋರಿಸುತ್ತ ಅಲೆದೆ. ನಾಲ್ಕನೆಯ ಅಂಗಡಿಯ ಮುದುಕ ಒಂದು ಡಬ್ಬದಿಂದ ಅದನ್ನು ತೆಗೆದ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಮಾರಿದ್ದಕ್ಕಿಂತ ಇಪ್ಪತ್ತು ಪಾಲು ಹೆಚ್ಚು ಕೇಳಿದ, ಕೊಟ್ಟೆ. ರೆಕ್ಕೆ ಮಾತ್ರ ಸಿಗಲಿಲ್ಲ. ಅದು ಎಲ್ಲೋ ಒಲೆ ಸೇರಿತ್ತು.

ಎಂಜಿನನ್ನು ಅವನ ಮೇಜಿನ ಮೇಲಿಟ್ಟೆ. ‘ತಪ್ಪಾಯಿತು’ ಎಂದೆ. ತಾಯಿಯ ಬಾಯಲ್ಲಿ ಆ ಮಾತು ಬರುವುದು ಸುಲಭವಲ್ಲ, ನಿಮಗೆ ಮುಂದೆ ತಿಳಿದೀತು. ಅವನು ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿ, ‘ಪರೀಕ್ಷೆ ಮುಗಿಯಲಿ, ಒಂದು ಸಲ ಬಂದು ನೋಡು’ ಎಂದ.

ಹೀಗೆ ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ನಾನು, ಮಗ, ಹೊಸದಾಗಿ ಕಟ್ಟಿದ ಒಂದು ರೆಕ್ಕೆ, ಮತ್ತು ಒಂದು ಡಬ್ಬಿ ಅವಲಕ್ಕಿ ಹಾರ್ಬರ್ ಲೈನಿನ ಗಾಡಿ ಹತ್ತಿದೆವು. ವಡಾಳಾದಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿದೆವು. ಮಾನಖುರ್ದ್ ದಾಟಿ ವಾಶಿ ಸೇತುವೆಯ ಮೇಲೆ ಬಂದೊಡನೆ ಖಾಡಿಯ ಉಪ್ಪುಗಾಳಿ ಕಿಟಕಿಯಿಂದ ನುಗ್ಗುತ್ತದೆ. ಅಲ್ಲಿಗೆ ಮುಂಬಯಿಯ ಬೆವರು ಅರ್ಧ ಆರುತ್ತದೆ. ಆ ಗಾಳಿಯಲ್ಲೇ ಅವನ ಬಾಯಿ ಬಿಚ್ಚಿತು. ‘ಇದರಲ್ಲಿ ರಿಮೋಟ್ ಇಲ್ಲ ಅಮ್ಮಾ. ಎರಡು ವೈರು ಇರುತ್ತೆ...’ ಎಂದು ಶುರುಮಾಡಿದ. ಅರ್ಧ ಇಂಗ್ಲಿಷು, ಕಾಲು ಹಿಂದಿ. ನಾನು ಪ್ರತಿಯೊಂದಕ್ಕೂ ‘ಕನ್ನಡದಲ್ಲಿ ಏನಂತೀಯ?’ ಎಂದು ಕೇಳುತ್ತ ಹೋದೆ. ಸ್ಟ್ರೀಮರ್ ಎಂದ. ‘ಅದು ಬಾಲಂಗೋಚಿ ಕಣೋ!’ ಎಂದೆ. ಆ ಪದವನ್ನು ಅವನು ನಾಲ್ಕು ಸಲ ಹೇಳಿ ನೋಡಿ ನಕ್ಕ. ಜನವರಿಯ ನಂತರ ಅವನು ನಕ್ಕದ್ದು ಅಂದೇ.

ಈಗ ನಿಮಗೂ ಆ ಆಟವನ್ನು ವಿವರಿಸುತ್ತೇನೆ. ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತು ಸುತ್ತುವುದನ್ನು ರಜೆಯಲ್ಲಿ ಊರಿಗೆ ಹೋದಾಗ ಯಾರಾದರೂ ನೋಡಿದ್ದೀರಾ? ಇಲ್ಲಿ ಹಾರಿಸುವವನೇ ಮೇಟಿ, ವಿಮಾನವೇ ಎತ್ತು. ಅವನ ಕೈಯ ಹಿಡಿಕೆಯಿಂದ ಎರಡು ಸಣ್ಣ ಉಕ್ಕಿನ ತಂತಿಗಳು ಹೊರಟು ವಿಮಾನದ ಹೊಟ್ಟೆಯೊಳಗಿನ ಒಂದು ತಿರುಗುಪಟ್ಟಿಗೆ ಸೇರುತ್ತವೆ. ಹಿಡಿಕೆಯನ್ನು ಮೇಲಕ್ಕೆ ವಾಲಿಸಿದರೆ ವಿಮಾನ ಏರುತ್ತದೆ, ಕೆಳಕ್ಕೆ ವಾಲಿಸಿದರೆ ಇಳಿಯುತ್ತದೆ. ತಂತಿ ಬಿಗಿಯಾಗಿರುವವರೆಗೆ ಮಾತ್ರ ಅದು ಮಾತು ಕೇಳುತ್ತದೆ, ಸಡಿಲವಾದರೆ ಮುಗಿಯಿತು. ಅಮೆರಿಕದ ಪೋರ್ಟ್‌ಲೆಂಡಿನ ಜಿಮ್ ವಾಕರ್ ಎಂಬವರು 1940ರ ದಶಕದಲ್ಲಿ ಈ ವಿಧಾನವನ್ನು ಪ್ರಸಿದ್ಧಿಗೆ ತಂದರು.

ಒಬ್ಬನೇ ಹಾರಿಸಿದರೆ ಅದು ಕಸರತ್ತು. ಒಂದೇ ವೃತ್ತದೊಳಗೆ ಇಬ್ಬರು ನಿಂತು ಎರಡು ವಿಮಾನ ಹಾರಿಸಿದರೆ ಕಾಳಗ. ಪ್ರತಿ ವಿಮಾನದ ಹಿಂದೆ ದಾರದಲ್ಲಿ ಒಂದು ಕಾಗದದ ಬಾಲಂಗೋಚಿ ಕಟ್ಟಿರುತ್ತದೆ. ಎದುರಾಳಿಯ ಬೆನ್ನುಹತ್ತಿ ಅದನ್ನು ಕತ್ತರಿಸಬೇಕು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಇದಕ್ಕೆ ಎಫ್2ಡಿ ಎಂದು ಹೆಸರು. ಎಂಜಿನ್ 2.5 ಸಿಸಿ ಮೀರುವಂತಿಲ್ಲ, ತಂತಿಯ ಉದ್ದ ಸುಮಾರು 16 ಮೀಟರ್, ಪಂದ್ಯ 4 ನಿಮಿಷ, ಪ್ರತಿ ಕಡಿತಕ್ಕೆ 100 ಅಂಕ. ಅಲ್ಲಿಯ ವಿಮಾನಗಳು ಗಂಟೆಗೆ 150 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಸುತ್ತುತ್ತವೆ. ನಮ್ಮ ಹುಡುಗರದ್ದು 1.5 ಸಿಸಿಯ ಹಳೆಯ ಡೀಸೆಲ್ ಎಂಜಿನ್, ವೇಗ ಅಷ್ಟಿಲ್ಲ. ಅದರ ಇಂಧನ ಮೂರು ವಸ್ತುಗಳ ಮಿಶ್ರಣ: ಈಥರ್, ಸೀಮೆಎಣ್ಣೆ, ಹರಳೆಣ್ಣೆ. ನನ್ನ ಶೀಸೆಯ ರಹಸ್ಯ ತಿಳಿಯಿತಷ್ಟೆ! ಪಂಕವನ್ನು ಬೆರಳಿನಿಂದ ತಟ್ಟಿ ಚಾಲೂ ಮಾಡಬೇಕು, ಅದು ಒಮ್ಮೊಮ್ಮೆ ತಿರುಗಿ ಹೊಡೆಯುತ್ತದೆ. ಪಟ್ಟಿಯ ರಹಸ್ಯವೂ ತಿಳಿಯಿತು.

ಖಾರ್ಘರ್ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹೋದರೆ ಬೆಟ್ಟದ ತಪ್ಪಲಿನಲ್ಲಿ ಆಗ ದೊಡ್ಡ ಖಾಲಿ ಜಾಗಗಳಿದ್ದವು. ಎಂಟು ಹುಡುಗರು ಕಾದಿದ್ದರು. ನೆಲದ ಮೇಲೆ ಸುಣ್ಣದ ಪುಡಿಯಿಂದ ವೃತ್ತ ಎಳೆದಿದ್ದರು. ನನ್ನ ಕಣ್ಣು ಮೊದಲು ಹೋದದ್ದು ದೂರದ ವಿದ್ಯುತ್ ಗೋಪುರಗಳ ಮೇಲೆ. ಕೈಯಲ್ಲಿ ಉಕ್ಕಿನ ತಂತಿ, ತಲೆಯ ಮೇಲೆ ವಿದ್ಯುತ್ ತಂತಿ! ‘ಇದೇನೋ ಇದು, ಪ್ರಾಣದ ಮೇಲೆ ಆಸೆಯಿಲ್ಲವೇ?’ ಎಂದು ಎಲ್ಲರೆದುರಿಗೇ ಕೂಗಿದೆ. ಮಗ ನಾಚಿಕೊಳ್ಳಲಿಲ್ಲ. ನನ್ನನ್ನು ಕರೆದುಕೊಂಡು ವೃತ್ತದ ನಡುವಿನಿಂದ ಗೋಪುರದ ಕಡೆಗೆ ಹೆಜ್ಜೆ ಎಣಿಸುತ್ತ ನಡೆದ. ಇನ್ನೂರು ದಾಟಿತು, ಗೋಪುರ ಇನ್ನೂ ದೂರವಿತ್ತು. ‘ಅದಕ್ಕೇ ಈ ಮೂಲೆ ಆರಿಸಿದ್ದು ಅಮ್ಮಾ. ಮೊದಲು ತಂತಿ ನೋಡುವುದು, ಆಮೇಲೆ ಮೈದಾನ. ಮಳೆಮೋಡ ಕಂಡರೂ ಹಾರಿಸುವುದಿಲ್ಲ’ ಎಂದ. ಹಿಡಿಕೆ ಕೈಜಾರಿದರೂ ವಿಮಾನ ಜನರ ಮೇಲೆ ಹೋಗದಂತೆ ಮಣಿಕಟ್ಟಿಗೆ ಕಟ್ಟುವ ಪಟ್ಟಿಯನ್ನೂ ತೋರಿಸಿದ. ಎರಡು ವರ್ಷ ನಾನು ಇವನನ್ನು ಉಡಾಳ ಎಂದು ತಿಳಿದಿದ್ದೆ. ನಮ್ಮ ಮನೆಯ ಗ್ಯಾಸಿನ ನಳವನ್ನು ರಾತ್ರಿ ಮುಚ್ಚಿದೆಯೇ ಎಂದು ನಾನು ನೋಡುವಂತೆಯೇ ಇವನೂ ನೋಡುತ್ತಾನಲ್ಲ!

ಅಷ್ಟರಲ್ಲಿ ತಿಳಿಯಿತು, ಇವನ ವಿಮಾನ ಹಿಡಿದು ಬಿಡಬೇಕಾದ ಹುಡುಗ ಬಂದಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ‘ಅಮ್ಮಾ, ನೀನು ಹಿಡೀತೀಯಾ?’ ಎಂದ ಮಗ.

ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಸೆರಗನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿ, ತುರುಬಿನ ಮೇಲೆ ಯಾರದೋ ಬೈಕಿನ ಹೆಲ್ಮೆಟ್ ಹಾಕಿ, ತುಮಕೂರಿನ ಬಿ.ಎ. ಪದವೀಧರೆ ಖಾರ್ಘರದ ಧೂಳಿನಲ್ಲಿ ಮಂಡಿಯೂರಿದಳು. ಪಂಕದಿಂದ ಕೈ ದೂರವಿರುವಂತೆ ಹಿಂದಿನಿಂದ ಹಿಡಿಯಲು ಕಲಿಸಿದರು. ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಕಿರ್ರೆಂದು ಕೂಗಿತು. ಹರಳೆಣ್ಣೆಯ ಹೊಗೆ ಮುಖಕ್ಕೆ ಬಡಿಯಿತು. ಕೈಯಲ್ಲಿ ಆ ಹಗುರ ರೆಕ್ಕೆ ಹಿಡಿದ ಹಕ್ಕಿಯಂತೆ ನಡುಗುತ್ತಿತ್ತು, ಮುಂದಕ್ಕೆ ಎಳೆಯುತ್ತಿತ್ತು. ಐವತ್ತು ಅಡಿಯಾಚೆ ಮಗ ಹಿಡಿಕೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದ. ಉಳಿದ ಹುಡುಗರಿಗೆ ‘ಛೋಡ್’ ಎಂದು ಕೂಗುವವನು ಅಂದು ‘ಅಮ್ಮಾ, ಬಿಡು!’ ಎಂದು ಕೂಗಿದ.

ಬಿಟ್ಟೆ.

ಆಮೇಲಿನದು ಎರಡು ನಿಮಿಷವೂ ಇರಲಿಲ್ಲ. ಎರಡು ವಿಮಾನಗಳು ಒಂದನ್ನೊಂದು ಅಟ್ಟುತ್ತ, ಲಾಗ ಹಾಕುತ್ತ, ನೆಲಕ್ಕೆ ತಾಗಿಯೇ ಬಿಟ್ಟವು ಎನ್ನುವಷ್ಟರಲ್ಲಿ ಮೇಲೇಳುತ್ತ ಸುತ್ತಿದವು. ನಡುವೆ ಇಬ್ಬರು ಹುಡುಗರು ಭುಜಕ್ಕೆ ಭುಜ ಕೊಟ್ಟು, ಒಬ್ಬರ ತಂತಿಯ ಕೆಳಗೆ ಒಬ್ಬರು ನುಸುಳುತ್ತ ತಿರುಗುತ್ತಿದ್ದರು. ನಮ್ಮ ಕರಾವಳಿಯವರಿಗೆ ಕೋಳಿ ಅಂಕ ನೆನಪಾದೀತು. ಆದರೆ ಇಲ್ಲಿ ರಕ್ತವಿಲ್ಲ. ಕಡಿಯಬೇಕಾದದ್ದು ಬಾಲವನ್ನು, ಎದುರಾಳಿಯನ್ನಲ್ಲ. ಮಗ ಒಂದು ಸಲ ಕಡಿದ, ಕಾಗದದ ಚೂರು ಬಿಸಿಲಿನಲ್ಲಿ ತೇಲುತ್ತ ಇಳಿಯಿತು. ಎದುರಾಳಿ ಎರಡು ಸಲ ಕಡಿದ. ಮರುಕ್ಷಣ ತಂತಿಗಳು ಹೆಣೆದುಕೊಂಡು ಎರಡೂ ವಿಮಾನಗಳು ನೆಲಕ್ಕೆ ಅಪ್ಪಳಿಸಿದವು. ನಾನು ‘ಅಯ್ಯೋ!’ ಎಂದು ಎದೆ ಹಿಡಿದುಕೊಂಡೆ. ಹುಡುಗರಿಬ್ಬರೂ ಕೈಕುಲುಕಿ ನಗುತ್ತ ಚೂರುಗಳನ್ನು ಆರಿಸತೊಡಗಿದರು. ಕಾಳಗದ ವಿಮಾನ ಮುರಿಯಲೆಂದೇ ಕಟ್ಟುವುದಂತೆ! ಒಂದು ತಿಂಗಳು ಕುಳಿತು ಕಟ್ಟಿದ್ದು ಎರಡು ನಿಮಿಷದಲ್ಲಿ ಹೋದರೂ ಮುಖದಲ್ಲಿ ಬೇಸರವಿಲ್ಲ. ಗಣಿತದಲ್ಲಿ ಕಡಿಮೆ ಅಂಕ ಬಂದದ್ದಕ್ಕೆ ಮೂರು ತಿಂಗಳು ಮುಖ ಊದಿಸಿಕೊಂಡಿದ್ದವಳು ನಾನು. ಸೋಲುವುದನ್ನು ಅಂದು ಹದಿನೆಂಟರ ಹುಡುಗರಿಂದ ಕಲಿತೆ. ಅವಲಕ್ಕಿ ಡಬ್ಬಿ ಐದು ನಿಮಿಷದಲ್ಲಿ ಖಾಲಿ.

ಇದಾಗಿ ಹದಿನಾರು ವರ್ಷಕ್ಕೂ ಮೇಲಾಯಿತು. ಮಗ ವಿಮಾನದ ಎಂಜಿನಿಯರೂ ಆಗಲಿಲ್ಲ, ಪೈಲಟ್ಟೂ ಆಗಲಿಲ್ಲ. ಎಲ್ಲರಂತೆ ಕಂಪ್ಯೂಟರಿನ ಮುಂದೆ ಕೂರುವ ಕೆಲಸ, ಕೆನಡಾದಲ್ಲಿ. ಕರೆ ಬಂದಾಗ ‘ಹೋಗಲೇ ಅಮ್ಮಾ?’ ಎಂದು ಕೇಳಿದ್ದ. ನಾನು ಹೆಚ್ಚು ಮಾತಾಡಲಿಲ್ಲ. ಖಾರ್ಘರದ ಆ ಜಾಗದಲ್ಲಿ ಈಗ ಕಟ್ಟಡಗಳೆದ್ದಿವೆ. ಅಲ್ಲಿಂದ ಹೆಚ್ಚು ದೂರವಿಲ್ಲದಲ್ಲಿ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣ 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಗಚ್ಚಿಯ ಗಾಳಿಪಟಗಳು ಇನ್ನೂ ಇವೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದ್ದರೂ ಕದ್ದು ಮಾರುವವರಿದ್ದಾರೆ. ಸಂಕ್ರಾಂತಿಯ ಮರುದಿನ ಪರೇಲಿನ ಬಾಯಿ ಸಾಕರ್‌ಬಾಯಿ ಪ್ರಾಣಿಗಳ ಆಸ್ಪತ್ರೆಗೆ ರೆಕ್ಕೆ ಕೊಯ್ದುಕೊಂಡ ಹಕ್ಕಿಗಳು ಬರುತ್ತವೆ. ನೀವು ಪತಂಗ ಹಾರಿಸುವವರಾದರೆ ಹತ್ತಿಯ ದಾರವನ್ನೇ ಕೊಳ್ಳಿ, ಹಕ್ಕಿಗಳು ಗೂಡಿನಿಂದ ಹೊರಡುವ ಮುಂಜಾನೆಯನ್ನೂ ಗೂಡಿಗೆ ಮರಳುವ ಸಂಜೆಯನ್ನೂ ಅವುಗಳಿಗೆ ಬಿಟ್ಟುಕೊಡಿ. ಕಾಳಗ ಬಾಲದೊಂದಿಗಿರಲಿ, ಪ್ರಾಣದೊಂದಿಗೆ ಬೇಡ.

ಕೊನೆಗೆ ಒಂದು ಮಾತು. ನಿಮ್ಮ ಮನೆಯಲ್ಲೂ ‘ನಿನಗೆ ಗೊತ್ತಾಗಲ್ಲ’ ಎಂಬ ಒಂದು ವಿಷಯ ಮಂಚದ ಕೆಳಗೆ ಇದ್ದೇ ಇರುತ್ತದೆ. ಅದು ಗಿಟಾರೋ, ಕೋಡಿಂಗೋ, ಇನ್ನೇನೋ ಇರಬಹುದು. ಅದನ್ನು ಒಂದು ಸಲ ನಿಮ್ಮ ತಾಯಿಗೋ ತಂದೆಗೋ ಕನ್ನಡದಲ್ಲಿ ಹೇಳಿ ನೋಡಿ. ಪದ ಸಿಗದಿದ್ದರೆ ಅವರನ್ನೇ ಕೇಳಿ, ಅವರ ಹತ್ತಿರ ಬಾಲಂಗೋಚಿಯಂಥ ಒಂದು ಪದ ಇದ್ದೀತು. ಇನ್ನು ಇದನ್ನು ಓದುವ ತಾಯಂದಿರಿಗೆ: ಭಂಗಾರ್‌ವಾಲಾನನ್ನು ಕರೆಯುವ ಮೊದಲು ಒಮ್ಮೆ ಮಕ್ಕಳನ್ನು ಕೇಳಿ.

ನನ್ನ ಮಗ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಕಳೆದ ವಾರ ಮೊಮ್ಮಗಳು ಫೋನಿಗೆ ಬಂದು, ‘ಅಜ್ಜಿ, ಅಪ್ಪ ಗಾಳಿಪಟ ಮಾಡಿದಾರೆ, ಬಾಲಂಗೋಚಿ ನಾನು ಕಟ್ಟಿದೆ’ ಎಂದಳು. ಆ ಪದವನ್ನು ಒಂದಕ್ಷರವೂ ತಪ್ಪದೆ ಹೇಳಿದಳು.